ಜಾವಾ ಹೆಸರಿನ ಹಿಂದಿರುವ ಫ್ರಾಂಟಿಶೆಕ್ ಯಾನೆಚೆಕ್

ನಮ್ಮ ವಾರ್ತಾಪತ್ರದ ವ್ಯಕ್ತಿ ಪರಿಚಯದ ಪುಟದಲ್ಲಿ ಹೆಚ್ಚಾಗಿ ವಿಜ್ಞಾನಿಗಳು, ಕವಿಗಳು, ಸ್ವಾತಂತ್ರ್ಯ ಹೋರಾಟಗಾರರು ಬರುತ್ತಾರೆ. ಈ ಸಲ ನಾನು ಒಬ್ಬ ಮೋಟಾರ್‌ಸೈಕಲ್ ತಯಾರಕರನ್ನು ಆರಿಸಿಕೊಂಡಿದ್ದೇನೆ. ಅವರ ಹೆಸರು ಫ್ರಾಂಟಿಶೆಕ್ ಯಾನೆಚೆಕ್. ತಮ್ಮ ಚೆಕ್ ನಾಡಿನಲ್ಲಿ ಅವರು ಹೆಸರಾಂತರು. ನಮ್ಮ ಕಡೆ ಅವರ ಪೂರ್ತಿ ಹೆಸರು ಬಲ್ಲವರು ಕಡಿಮೆ ಇರಬಹುದು, ಆದರೆ ಅದರ ಒಂದು ತುಂಡು ಎಲ್ಲರಿಗೂ ಗೊತ್ತು. ಜಾವಾ ಬೈಕಿನ ‘ಜಾ’ ಅವರ ಹೆಸರಿನಿಂದ ಬಂದದ್ದು. ಚೆಕ್ ಭಾಷೆಯಲ್ಲಿ ಆ ಅಕ್ಷರವನ್ನು ‘ಯ’ ಎಂದು ಓದುವುದರಿಂದ ಅವರ ಊರಿನಲ್ಲಿ ಆ ಬೈಕು ‘ಯಾವಾ’.

ಇವರನ್ನು ಆರಿಸಿಕೊಳ್ಳಲು ನನಗೊಂದು ಕಾರಣವಿದೆ. ನನ್ನ ಮಾಮು ಚಿಕ್ಕಜಾಜೂರಿನಲ್ಲಿ ಬೈಕ್ ಮೆಕ್ಯಾನಿಕ್. ಅವರ ಗ್ಯಾರೇಜಿಗೆ ಬರುವವರಲ್ಲಿ ಪಂಗಡಗಳಿವೆ. ಬುಲೆಟ್ ಇಟ್ಟುಕೊಂಡವರು ಬುಲೆಟ್ ಬಿಟ್ಟು ಬೇರೆಯದನ್ನು ಬೈಕೆಂದೇ ಒಪ್ಪುವುದಿಲ್ಲ. ಯೆಜ್ಡಿ ಇಟ್ಟುಕೊಂಡ ಹಿರಿಯರು ಅದನ್ನು ಮಗನಿಗೆ ಕೊಡಲೂ ಹಿಂಜರಿಯುತ್ತಾರೆ. ಹೊಸ ಬೈಕ್ ಕೊಳ್ಳಬೇಕೆಂದಿರುವ ಹುಡುಗರ ಚಿಂತೆಯೇ ಬೇರೆ. ಈಗಿರುವ ಮಾಡೆಲ್ ಕೊಳ್ಳುವುದೋ, ಮುಂದಿನ ವರ್ಷ ಬರಬಹುದಾದದ್ದಕ್ಕೆ ಕಾಯುವುದೋ? ಈಗ ಕೊಂಡದ್ದು ನಾಳೆ ನಿಂತುಹೋದರೆ ಪಾರ್ಟ್ಸ್ ಎಲ್ಲಿ ಸಿಗುತ್ತವೆ? ನಮ್ಮ ಮನೆಯಲ್ಲೂ ಇದೇ ಮಾತು ನಡೆದಿದೆ. ಅಡಿಕೆ ಮಾರಿದ ಹಣ ಕೈಗೆ ಬಂದು ಮೂರು ತಿಂಗಳಾಯಿತು. ಅಣ್ಣ ಇಷ್ಟಪಡುವ ಹೆಸರಿನ ಹೊಸ ಮಾಡೆಲ್ ಬರುತ್ತದೋ ಇಲ್ಲವೋ ಎಂದು ಕಾಯುತ್ತಲೇ ಇದ್ದಾನೆ. ಅವನು ಹೊಸದು ಕೊಂಡರೆ ಹಳೆಯ ಬೈಕು ನನಗೆ ಬರುತ್ತದೆ. ಆಗ ತಂಗಿಯೂ ನಾನೂ ಬೆಳಗಿನ ಬಸ್ಸಿಗಾಗಿ ಕಾಯಬೇಕಿಲ್ಲ. ಆದ್ದರಿಂದ ಬೈಕಿನ ಹೆಸರಿನ ಮೇಲೆ ಜನರಿಗೆ ಇಷ್ಟು ನಂಬಿಕೆ ಎಲ್ಲಿಂದ ಬರುತ್ತದೆ, ಆ ನಂಬಿಕೆಗೆ ತಯಾರಕರು ಏನು ಕೊಡುತ್ತಾರೆ ಎಂದು ತಿಳಿಯಬೇಕೆನಿಸಿತು. ಹುಡುಕುತ್ತಾ ಹೋದಾಗ ಯಾನೆಚೆಕ್ ಅವರ ಜೀವನ ಸಿಕ್ಕಿತು.

ಯಾನೆಚೆಕ್ ಹುಟ್ಟಿದ್ದು 1878ರ ಜನವರಿ 23ರಂದು, ಬೊಹೀಮಿಯಾ ಪ್ರದೇಶದ ಒಂದು ಸಣ್ಣ ಹಳ್ಳಿಯಲ್ಲಿ. ಆಗ ಆ ನಾಡು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಭಾಗವಾಗಿತ್ತು. ಪ್ರಾಗ್ ಮತ್ತು ಬರ್ಲಿನ್ ನಗರಗಳಲ್ಲಿ ಅವರು ಯಂತ್ರಶಾಸ್ತ್ರ ಓದಿದರು. ಹೊಸ ಯಂತ್ರಗಳನ್ನು ಯೋಚಿಸಿ ಅವುಗಳಿಗೆ ಪೇಟೆಂಟ್ ಪಡೆಯುವುದರಲ್ಲಿ ಅವರಿಗೆ ಬಹಳ ಆಸಕ್ತಿ. ಮೊದಲನೆಯ ಮಹಾಯುದ್ಧ ಬಂದಾಗ ಅವರ ಈ ಬುದ್ಧಿ ಆಯುಧಗಳ ಕಡೆ ತಿರುಗಿತು. ಅವರು ರೂಪಿಸಿದ ಕೈಬಾಂಬ್ ಅವರಿಗೆ ಹೆಸರನ್ನೂ ಹಣವನ್ನೂ ತಂದಿತು. ಯುದ್ಧ ಮುಗಿದು 1918ರಲ್ಲಿ ಚೆಕೊಸ್ಲೊವಾಕಿಯಾ ಹೊಸ ದೇಶವಾದ ಮೇಲೆ ಪ್ರಾಗ್‌ನಲ್ಲಿ ಅವರ ಆಯುಧ ಕಾರ್ಖಾನೆ ಬೆಳೆಯಿತು.

ಜಾವಾ ಓಡಿಸುವ ಬಹಳ ಮಂದಿಗೆ ಈ ಭಾಗ ಗೊತ್ತಿಲ್ಲ. ನಾನೂ ಓದುವಾಗ ಇಲ್ಲಿ ಸ್ವಲ್ಪ ನಿಂತೆ. ಒಬ್ಬರ ಜೀವನ ಬರೆಯುವಾಗ ಹೆಮ್ಮೆಯ ಭಾಗ ಮಾತ್ರ ಬರೆದರೆ ಅದು ಜಾಹೀರಾತಾಗುತ್ತದೆ. ಜನರನ್ನು ಕೊಲ್ಲುವ ಸಾಮಾನು ಮಾಡಿ ಗಳಿಸಿದ ಹಣದಿಂದಲೇ ಜನರನ್ನು ಹೊತ್ತೊಯ್ಯುವ ಬೈಕು ಹುಟ್ಟಿತು ಎಂಬುದು ನಿಜ. ಆ ಬದಲಾವಣೆಗೆ ಕಾರಣವಾದದ್ದು ವ್ಯಾಪಾರ. 1920ರ ದಶಕದ ಕೊನೆಗೆ ಆಯುಧಗಳ ಬೇಡಿಕೆ ಕುಗ್ಗಿತು. ಯಂತ್ರಗಳೂ ಕೆಲಸಗಾರರೂ ಕೈಯಲ್ಲಿದ್ದರು, ಮಾಡಲು ಕೆಲಸ ಸಾಲದಾಯಿತು. ಯಾನೆಚೆಕ್ ಮೋಟಾರ್‌ಸೈಕಲ್ ಕಡೆ ನೋಡಿದರು.

ಜರ್ಮನಿಯಲ್ಲಿ ವಾಂಡರರ್ ಎಂಬ ಕಂಪನಿ ಇತ್ತು. ಅದು 500 ಸಿಸಿಯ ಹೊಸ ಬೈಕೊಂದನ್ನು ರೂಪಿಸಿ, ಬಳಿಕ ಆ ವ್ಯವಹಾರವನ್ನೇ ಬಿಡಲು ಹೊರಟಿತ್ತು. 1929ರಲ್ಲಿ ಯಾನೆಚೆಕ್ ಅದನ್ನು ತಯಾರಿಸುವ ಹಕ್ಕು ಮತ್ತು ಯಂತ್ರಗಳನ್ನು ಕೊಂಡರು. ತಮ್ಮ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್ ಹೆಸರಿನ ಮೊದಲೆರಡು ಅಕ್ಷರ ಸೇರಿಸಿ ‘ಜಾವಾ’ ಎಂದು ಹೆಸರಿಟ್ಟರು. ಹಿಂದಿನ ಚಕ್ರಕ್ಕೆ ಚೈನಿನ ಬದಲು ಶಾಫ್ಟ್ ಮೂಲಕ ಶಕ್ತಿ ಸಾಗಿಸುವ, ಒತ್ತಿ ಮಾಡಿದ ಉಕ್ಕಿನ ಚೌಕಟ್ಟಿನ ಬೈಕು ಅದು. ನೋಡಲು ಗಟ್ಟಿಮುಟ್ಟಾಗಿತ್ತು. ಆದರೆ ಭಾರ ಹೆಚ್ಚು, ಬೆಲೆಯೂ ಹೆಚ್ಚು, ಎಂಜಿನ್ನಿನಲ್ಲಿ ತೊಂದರೆಗಳೂ ಇದ್ದವು. ಮೇಲಾಗಿ ಅದೇ 1929ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಷೇರುಪೇಟೆ ಕುಸಿಯಿತು. ಅದರ ಹಿಂದೆ ಬಂದ ಜಗತ್ತಿನ ಆರ್ಥಿಕ ಮುಗ್ಗಟ್ಟನ್ನು ವಾಣಿಜ್ಯ ವಿಭಾಗದ ಗೆಳೆಯರು ಪಾಠದಲ್ಲಿ ಓದಿದ್ದೀರಿ. ಕೆಲಸ ಕಳೆದುಕೊಂಡ ಜನ ದುಬಾರಿ ಬೈಕು ಎಲ್ಲಿಂದ ಕೊಂಡಾರು?

ಇಲ್ಲಿ ಯಾನೆಚೆಕ್ ಮಾಡಿದ ಕೆಲಸವೇ ಅವರ ಜೀವನದ ಮುಖ್ಯ ಘಟ್ಟ ಎಂದು ನನಗನಿಸುತ್ತದೆ. ತಮ್ಮ ಹೆಸರು ಹೊತ್ತ ಮೊದಲ ಬೈಕು ಎಂಬ ಅಭಿಮಾನದಿಂದ ಅವರು ಅದನ್ನೇ ಹಿಡಿದು ಕೂರಲಿಲ್ಲ. ಇಂಗ್ಲೆಂಡಿನಿಂದ ಜಾರ್ಜ್ ವಿಲಿಯಂ ಪ್ಯಾಚೆಟ್ ಎಂಬ ವಿನ್ಯಾಸಕಾರರನ್ನು ಕರೆಸಿಕೊಂಡರು. ಪ್ಯಾಚೆಟ್ ರೇಸ್ ಓಡಿಸಿ ಅನುಭವವಿದ್ದವರು. ಇಂಗ್ಲೆಂಡಿನ ವಿಲಿಯರ್ಸ್ ಕಂಪನಿಯ 175 ಸಿಸಿ ಟೂ ಸ್ಟ್ರೋಕ್ ಎಂಜಿನ್ ಬಳಸಿ ಹಗುರವಾದ, ಅಗ್ಗದ ಬೈಕು ಸಿದ್ಧವಾಯಿತು. 1932ರಲ್ಲಿ ಮಾರುಕಟ್ಟೆಗೆ ಬಂದ ಆ ಬೈಕು ಚೆನ್ನಾಗಿ ಮಾರಾಟವಾಗಿ ಕಂಪನಿಯನ್ನು ಉಳಿಸಿತು.

ಟೂ ಸ್ಟ್ರೋಕ್ ಎಂದರೇನೆಂದು ಮಾಮು ನನಗೆ ಬಿಚ್ಚಿ ತೋರಿಸಿದ್ದಾರೆ. ಅದರ ಸಿಲಿಂಡರಿಗೆ ಫೋರ್ ಸ್ಟ್ರೋಕಿನಂತೆ ವಾಲ್ವ್‌ಗಳಿಲ್ಲ. ಪಿಸ್ಟನ್ ಮೇಲೆ ಕೆಳಗೆ ಹೋಗುವಾಗ ತಾನೇ ಸಿಲಿಂಡರಿನ ಪಕ್ಕದ ಕಿಂಡಿಗಳನ್ನು ಮುಚ್ಚಿ ತೆರೆಯುತ್ತದೆ. ಪ್ರತಿ ಸುತ್ತಿಗೂ ಒಮ್ಮೆ ಇಂಧನ ಉರಿಯುತ್ತದೆ. ಬಿಡಿಭಾಗಗಳು ಕಡಿಮೆ, ಆದ್ದರಿಂದ ಮಾಡುವ ಖರ್ಚೂ ಕಡಿಮೆ, ರಿಪೇರಿಯೂ ಸುಲಭ. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಅದು ಉರಿದು ಹೊಗೆ ಬರುತ್ತದೆ. ಈ ಹೊಗೆಯ ವಿಷಯ ಮುಂದೆ ಮತ್ತೆ ಬರುತ್ತದೆ.

ಮುಂದಿನ ವರ್ಷಗಳಲ್ಲಿ ಜಾವಾದಿಂದ 250 ಮತ್ತು 350 ಸಿಸಿ ಬೈಕುಗಳು ಬಂದವು. 1934ರಲ್ಲಿ ಕಾರು ತಯಾರಿಕೆಯೂ ಶುರುವಾಯಿತು. 1937ರಲ್ಲಿ ಸುಮಾರು 100 ಸಿಸಿಯ ಪುಟ್ಟ ಗಾಡಿಯೊಂದು ‘ರೋಬೋಟ್’ ಎಂಬ ಹೆಸರಿನಲ್ಲಿ ಬಂತು. ರೋಬೋಟ್ ಎಂಬ ಪದವನ್ನು ಜಗತ್ತಿಗೆ ಕೊಟ್ಟವರೂ ಚೆಕ್ ಲೇಖಕ ಕರೆಲ್ ಚಾಪೆಕ್. ಹತ್ತು ವರ್ಷಗಳೊಳಗೆ ಮಾಡೆಲ್‌ಗಳು ಹೀಗೆ ಬದಲಾದವು. ಶಾಫ್ಟ್ ಹೋಗಿ ಚೈನ್ ಬಂತು, ದೊಡ್ಡ ಎಂಜಿನ್ ಹೋಗಿ ಸಣ್ಣದು ಬಂತು. ಟ್ಯಾಂಕಿನ ಮೇಲಿನ ಹೆಸರು ಮಾತ್ರ ಅದೇ ಉಳಿಯಿತು. ಸಾಮಾನ್ಯ ಜನ ಕೊಳ್ಳಬಹುದಾದ, ಊರಿನಲ್ಲೇ ರಿಪೇರಿ ಮಾಡಬಹುದಾದ ಬೈಕು ಎಂಬ ಗುಣಕ್ಕೆ ಆ ಹೆಸರು ಗುರುತಾಯಿತು.

1939ರ ಮಾರ್ಚ್‌ನಲ್ಲಿ ಹಿಟ್ಲರನ ಸೈನ್ಯ ಪ್ರಾಗ್ ನಗರಕ್ಕೆ ನುಗ್ಗಿತು. ಜಾವಾ ಕಾರ್ಖಾನೆ ಜರ್ಮನರ ಹಿಡಿತಕ್ಕೆ ಹೋಗಿ ಯುದ್ಧದ ಕೆಲಸಕ್ಕೆ ಬಳಕೆಯಾಯಿತು. ಸಾರ್ವಜನಿಕರಿಗಾಗಿ ಹೊಸ ಬೈಕು ರೂಪಿಸುವುದಕ್ಕೆ ಅವಕಾಶವಿರಲಿಲ್ಲ. ಆದರೂ ಅಲ್ಲಿನ ಎಂಜಿನಿಯರುಗಳು ಗುಟ್ಟಾಗಿ ಯುದ್ಧಾನಂತರದ ಬೈಕಿನ ಕೆಲಸ ನಡೆಸಿದರು. ಪರೀಕ್ಷೆಗೆ ರಸ್ತೆಗೆ ತಂದಾಗ ಅನುಮಾನ ಬಾರದಂತೆ ಜರ್ಮನ್ ಬೈಕಿನ ಗುರುತು ಅಂಟಿಸುತ್ತಿದ್ದರು. ಇದರ ಫಲವನ್ನು ಯಾನೆಚೆಕ್ ನೋಡಲಿಲ್ಲ. 1941ರ ಜೂನ್ 4ರಂದು, 63ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರು ಕಣ್ಣು ಮುಚ್ಚಿದಾಗ ದೇಶ ಪರರ ಕೈಯಲ್ಲಿತ್ತು. ಮುಂದಿನ ಮಾಡೆಲ್ ಯಾವುದು, ಮುಂದೆ ಕಂಪನಿಯಾದರೂ ಇರುತ್ತದೆಯೇ ಎಂದು ಯಾರೂ ಹೇಳುವಂತಿರಲಿಲ್ಲ.

ಯುದ್ಧ ಮುಗಿದ ಮೇಲೆ ಕಾರ್ಖಾನೆ ಸರ್ಕಾರದ ಪಾಲಾಯಿತು. 1946ರಲ್ಲಿ ಆ ಗುಟ್ಟಿನ ಬೈಕು ‘ಪೆರಾಕ್’ ಎಂಬ ಹೆಸರಿನಲ್ಲಿ ಬೆಳಕಿಗೆ ಬಂದು ಪ್ಯಾರಿಸ್ ಪ್ರದರ್ಶನದಲ್ಲಿ ಎಲ್ಲರ ಗಮನ ಸೆಳೆಯಿತು. 250 ಸಿಸಿ ಎಂಜಿನ್, ಮುಂದೆ ಹಿಂದೆ ಎರಡೂ ಕಡೆ ಸ್ಪ್ರಿಂಗ್ ವ್ಯವಸ್ಥೆ ಇದ್ದ ಬೈಕು ಅದು. ಅಲ್ಲಿಂದ ಮುಂದೆ ಜಾವಾ ಹಲವು ದೇಶಗಳಿಗೆ ಹೋಯಿತು.

ನಮ್ಮ ರಾಜ್ಯಕ್ಕೂ ಬಂತು. ಮುಂಬಯಿಯಲ್ಲಿ ಜಾವಾ ಆಮದು ಮಾಡುತ್ತಿದ್ದ ಪಾರ್ಸಿ ಕುಟುಂಬದ ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರು, ಆಮದಿಗೆ ನಿರ್ಬಂಧ ಬಂದಾಗ ಇಲ್ಲೇ ತಯಾರಿಸಲು ಮುಂದಾದರು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಎದ್ದಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅವರು ಅದನ್ನು ಉದ್ಘಾಟಿಸಿದರು. 1961ರಿಂದ ಮೈಸೂರಿನ ಜಾವಾಗಳು ರಸ್ತೆಗಿಳಿದವು. ಚೆಕ್ ಕಂಪನಿಯೊಂದಿಗಿನ ಒಪ್ಪಂದದ ಅವಧಿ ಮುಗಿದ ಬಳಿಕ, 1970ರ ದಶಕದಲ್ಲಿ ಅದೇ ಕಾರ್ಖಾನೆಯ ಬೈಕುಗಳಿಗೆ ‘ಯೆಜ್ಡಿ’ ಎಂಬ ಹೆಸರು ಬಂತು. ಅದು ಇರಾನಿನ ಯಜ್ದ್ ಊರಿನ ನೆನಪಿನ ಹೆಸರು. ಎರಡು ಸೈಲೆನ್ಸರ್, ಕಿಕ್ ಹೊಡೆದ ಮೇಲೆ ಅದನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್ ಆಗುವ ಒಂದೇ ಲಿವರ್, ದೂರದಿಂದಲೇ ಗುರುತು ಸಿಗುವ ಸದ್ದು. ಜನರ ನಂಬಿಕೆ ಹೆಸರು ಬದಲಾದರೂ ಬದಲಾಗಲಿಲ್ಲ. ಜಾವಾದವರು ಯೆಜ್ಡಿಯನ್ನೂ ತಮ್ಮದೇ ಎಂದುಕೊಂಡರು.

1980ರ ದಶಕದಲ್ಲಿ ಜಪಾನಿ ಕಂಪನಿಗಳ ಜೊತೆ ಸೇರಿ ತಯಾರಾದ, ಹೆಚ್ಚು ಮೈಲೇಜ್ ಕೊಡುವ 100 ಸಿಸಿ ಬೈಕುಗಳು ಬಂದವು. ಹೊಗೆಯ ಮೇಲಿನ ಕಾನೂನುಗಳೂ ಬಿಗಿಯಾದವು. 1932ರಲ್ಲಿ ಜಾವಾವನ್ನು ಉಳಿಸಿದ ಟೂ ಸ್ಟ್ರೋಕ್ ಎಂಜಿನ್ನೇ ಈಗ ಹೊರೆಯಾಯಿತು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಮುಂದಿನ ಮಾಡೆಲ್ ಎಂಬುದೇ ಇಲ್ಲವಾಯಿತು.

ಆದರೂ ಬೈಕುಗಳು ಓಡುತ್ತಲೇ ಇದ್ದವು. ಕಂಪನಿ ಇಲ್ಲದ ಆ ವರ್ಷಗಳಲ್ಲಿ ಅವುಗಳನ್ನು ಬದುಕಿಸಿದವರು ಊರೂರಿನ ಮೆಕ್ಯಾನಿಕ್‌ಗಳು, ಲೇತ್ ಕೆಲಸದವರು, ಗುಜರಿಯಿಂದ ಬಿಡಿಭಾಗ ಆರಿಸಿ ತೆಗೆದಿಟ್ಟವರು. ಮಾಮು ಕೂಡ ಕೆಲಸ ಕಲಿತದ್ದು ಇಂಥ ಬೈಕುಗಳ ಮೇಲೆಯೇ. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರು, ಮೈಸೂರು ಮುಂತಾದ ಕಡೆ ಜಾವಾ-ಯೆಜ್ಡಿ ದಿನ ಆಚರಿಸುತ್ತಾರೆ. 2018ರ ನವೆಂಬರ್‌ನಲ್ಲಿ ಮಹೀಂದ್ರ ಸಮೂಹದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರನ್ನು ಮತ್ತೆ ತಂದಿತು. 2022ರ ಜನವರಿಯಲ್ಲಿ ಯೆಜ್ಡಿಯೂ ಬಂತು. ಹೊಸ ಮಾಡೆಲ್‌ಗಳಲ್ಲಿ ಒಂದಕ್ಕೆ ‘ಪೆರಾಕ್’ ಎಂದೇ ಹೆಸರು. ಇವೆಲ್ಲ ಫೋರ್ ಸ್ಟ್ರೋಕ್, ನೀರಿನಿಂದ ತಣಿಯುವ ಎಂಜಿನ್‌ಗಳು. ಯೆಜ್ಡಿ ಹೆಸರು ಯಾರಿಗೆ ಸೇರಿದ್ದೆಂಬ ವಿವಾದ ಕರ್ನಾಟಕ ಹೈಕೋರ್ಟ್ ತನಕ ಹೋಯಿತು. ಒಂದು ಹೆಸರಿಗೆ ಇಷ್ಟು ಬೆಲೆ ಬಂದದ್ದು ಅದನ್ನು ಬಿಡದೆ ಹಿಡಿದುಕೊಂಡ ಸವಾರರಿಂದ ಎಂಬುದನ್ನು ನಾವು ಮರೆಯಬಾರದು.

ಗೆಳೆಯರೇ, ಈ ಜೀವನ ಓದಿದ ಮೇಲೆ ನನಗೆ ಎರಡು ವಿಷಯ ಸ್ಪಷ್ಟವಾದವು. ಮೊದಲನೆಯದು, ನಾಳೆ ಯಾವ ಮಾಡೆಲ್ ಬರುತ್ತದೆ ಎಂಬುದು ಕೊಳ್ಳುವವರಿಗೆ ಮಾತ್ರವಲ್ಲ, ಮಾಡುವವರಿಗೂ ಪೂರ್ತಿ ಗೊತ್ತಿರುವುದಿಲ್ಲ. ಯುದ್ಧ, ಮುಗ್ಗಟ್ಟು, ಕಾನೂನು, ಇವುಗಳಲ್ಲಿ ಯಾವುದು ಬೇಕಾದರೂ ಅದನ್ನು ಬದಲಿಸಬಹುದು. ಹಾಗಾಗಿ ಬರದ ಬೈಕಿಗಾಗಿ ಕೈಯಲ್ಲಿರುವ ಹಣವನ್ನೂ ದಿನಗಳನ್ನೂ ಕಟ್ಟಿಹಾಕುವುದು ಜಾಣತನ ಅನಿಸುವುದಿಲ್ಲ. ಎರಡನೆಯದು, ಹೆಸರನ್ನು ನಂಬುವುದು ತಪ್ಪಲ್ಲ, ಆದರೆ ಆ ಹೆಸರು ಯಾವ ಗುಣಕ್ಕಾಗಿ ಬೆಳೆಯಿತೋ ಆ ಗುಣ ಈಗಿನ ಮಾಡೆಲ್‌ನಲ್ಲಿದೆಯೇ ಎಂದು ಕೇಳಬೇಕು. ನಮ್ಮ ಮನೆಗೆ ಅದರ ಬೆಲೆ ಹೊಂದುತ್ತದೆಯೇ? ಹೊಳಲ್ಕೆರೆಯಲ್ಲೋ ಚಿತ್ರದುರ್ಗದಲ್ಲೋ ಅದರ ಪಾರ್ಟ್ಸ್ ಸಿಗುತ್ತವೆಯೇ? ಕೆಟ್ಟರೆ ಬಿಚ್ಚಿ ಜೋಡಿಸಬಲ್ಲವರು ಹತ್ತಿರದಲ್ಲಿ ಇದ್ದಾರೆಯೇ?

ಯಾನೆಚೆಕ್ ತಮ್ಮ ಹೆಸರಿನ ಮೊದಲ ಬೈಕನ್ನು ಮೂರೇ ವರ್ಷಗಳಲ್ಲಿ ಹಿಂದೆ ಬಿಟ್ಟು, ಜನರ ಕೈಗೆಟಕುವ ಸಣ್ಣ ಬೈಕಿನ ಕಡೆ ಹೊರಳಿದರು. ತಯಾರಿಸಿದವರೇ ಮಾಡೆಲ್‌ಗಿಂತ ಜನರ ಅಗತ್ಯವನ್ನು ದೊಡ್ಡದೆಂದು ಕಂಡರು. ಕೊಳ್ಳುವ ನಾವೂ ಹಾಗೆಯೇ ಕಂಡರೆ ನಷ್ಟವೇನಿಲ್ಲ.