ಸಲಿಂಗಿಗಳು ದೇಶದ ಗುಟ್ಟು ಕಾಯಲಾರರೇ? ಅಲನ್ ಟ್ಯೂರಿಂಗ್ ಬದುಕು ಏನು ಹೇಳುತ್ತದೆ

ಸಲಿಂಗಿಗಳನ್ನು ಸೇನೆಗೆ ಸೇರಿಸಿಕೊಂಡರೆ ಶತ್ರುಗಳು ಅವರನ್ನು ಹೆದರಿಸಿ ಗುಟ್ಟು ಬಾಯಿ ಬಿಡಿಸುತ್ತಾರೆ ಎಂಬ ಮಾತು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆಯಿಂದಲೂ ಹುಡುಗರು ಸೇನೆಗೆ ಹೋಗುತ್ತಾರೆ. ಹಾಗಾಗಿ ಇದು ನಮಗೆ ದೂರದ ವಿಷಯವಲ್ಲ. ಈ ಮಾತನ್ನು ನಾವು ಒಬ್ಬರ ಬದುಕಿನ ಜೊತೆ ಇಟ್ಟು ನೋಡೋಣ.

ಅಲನ್ ಟ್ಯೂರಿಂಗ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ಆದರೆ ಮನೆತನದ ನಂಟು ನಮ್ಮ ಪಕ್ಕದ್ದೇ. ತಂದೆ ಮದ್ರಾಸ್ ಪ್ರಾಂತ್ಯದಲ್ಲಿ ಐಸಿಎಸ್ ಅಧಿಕಾರಿ, ತಾಯಿಯ ತಂದೆ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್. ಅಣ್ಣ ಹುಟ್ಟಿದ್ದು ಕೂನೂರಿನಲ್ಲಿ. ನಮ್ಮಲ್ಲಿಂದ ಗುಂಡ್ಲುಪೇಟೆ, ಬಂಡೀಪುರ, ಊಟಿ ದಾಟಿದರೆ ಆ ಊರು.

1936ರಲ್ಲಿ ಟ್ಯೂರಿಂಗ್ ಬರೆದ ಗಣಿತದ ಪ್ರಬಂಧವೊಂದು ಇಂದಿನ ಕಂಪ್ಯೂಟರಿಗೆ, ನಿಮ್ಮ ಕೈಲಿರುವ ಫೋನಿಗೂ ತಳಹದಿಯಾಯಿತು. 1939ರ ಸೆಪ್ಟೆಂಬರ್ 4ರಂದು, ಬ್ರಿಟನ್ ಯುದ್ಧ ಸಾರಿದ ಮರುದಿನ, ಅವರು ಬ್ಲೆಚ್ಲಿ ಪಾರ್ಕ್ ಎಂಬ ಗುಪ್ತ ಕೇಂದ್ರಕ್ಕೆ ಸೇರಿದರು. ಜರ್ಮನ್ನರು ಎನಿಗ್ಮಾ ಯಂತ್ರದಲ್ಲಿ ಕಳಿಸುತ್ತಿದ್ದ ಗೂಢ ಸಂದೇಶಗಳನ್ನು ಒಡೆಯಲು ಅವರು ಬಾಂಬ್ ಎಂಬ ಹೆಸರಿನ ಯಂತ್ರ ರೂಪಿಸಿದರು. ಇದು ಸಿಡಿಯುವ ಬಾಂಬ್ ಅಲ್ಲ, ಲೆಕ್ಕದ ಯಂತ್ರ. ಜರ್ಮನ್ ನೌಕಾಪಡೆಯ ಸಂದೇಶಗಳನ್ನು ಓದುವ ತಂಡಕ್ಕೂ ಅವರೇ ಮುಂದಾಳು.

ಇಲ್ಲಿ ಎರಡು ತಿದ್ದುಪಡಿ. ಟ್ಯೂರಿಂಗ್ ಒಬ್ಬರೇ ಯುದ್ಧ ಗೆಲ್ಲಿಸಿದರು ಎಂಬ ಫಾರ್ವರ್ಡ್ ಸರಿಯಲ್ಲ. ಪೋಲೆಂಡಿನ ಗಣಿತಜ್ಞರು ಮೊದಲೇ ದಾರಿ ತೋರಿಸಿದ್ದರು, ಬ್ಲೆಚ್ಲಿಯಲ್ಲಿ ಸಾವಿರಾರು ಜನ ದುಡಿದಿದ್ದರು. ಟ್ಯೂರಿಂಗ್ ಸಮವಸ್ತ್ರದ ಸೈನಿಕರೂ ಅಲ್ಲ, ನಾಗರಿಕ ನೌಕರರು.

1941ರಲ್ಲಿ ಸಹೋದ್ಯೋಗಿ ಜೋನ್ ಕ್ಲಾರ್ಕ್ ಜೊತೆ ಮದುವೆ ಗೊತ್ತಾಯಿತು. ತಮ್ಮ ಒಲವು ಗಂಡಸರ ಕಡೆಗೆ ಎಂದು ಟ್ಯೂರಿಂಗ್ ಆಕೆಗೆ ಮುಚ್ಚಿಡದೆ ಹೇಳಿದರು. ಕೆಲವು ತಿಂಗಳ ನಂತರ ತಾವೇ ಮದುವೆ ಬೇಡ ಎಂದರು. ಆದರೆ ಬ್ಲೆಚ್ಲಿಯ ಗುಟ್ಟು ಮಾತ್ರ ಹೊರಬೀಳಲಿಲ್ಲ. ಅದು ಜಗತ್ತಿಗೆ ತಿಳಿದದ್ದು 1970ರ ದಶಕದಲ್ಲಿ.

1952ರಲ್ಲಿ ಅವರ ಮನೆಯಲ್ಲಿ ಕಳ್ಳತನವಾಯಿತು. ದೂರು ಕೊಟ್ಟವರು ಅವರೇ. ವಿಚಾರಣೆಯಲ್ಲಿ ಒಬ್ಬ ಯುವಕನೊಂದಿಗಿನ ಸಂಬಂಧವನ್ನೂ ಒಪ್ಪಿಕೊಂಡರು. ಆಗ ಅದು ಅಪರಾಧ. ಜೈಲಿನ ಬದಲು ಒಂದು ವರ್ಷ ಹಾರ್ಮೋನು ಚಿಕಿತ್ಸೆಗೆ ಒಪ್ಪಬೇಕಾಯಿತು. ಸರ್ಕಾರದ ಗುಪ್ತ ಕೆಲಸದ ಬಾಗಿಲೂ ಮುಚ್ಚಿತು. 1954ರ ಜೂನ್ 7ರಂದು ಸೈನೈಡಿನಿಂದ ತೀರಿಕೊಂಡರು, ವಯಸ್ಸು 41. ವಿಚಾರಣೆ ಆತ್ಮಹತ್ಯೆ ಎಂದಿತು, ಕೆಲವು ಸಂಶೋಧಕರು ಆಕಸ್ಮಿಕ ಎನ್ನುತ್ತಾರೆ. ಪಕ್ಕದಲ್ಲಿದ್ದ ಸೇಬನ್ನು ಯಾರೂ ಪರೀಕ್ಷಿಸಲಿಲ್ಲ. ಆಪಲ್ ಕಂಪನಿಯ ಲಾಂಛನ ಅದೇ ಸೇಬು ಎಂಬುದೂ ಸುಳ್ಳು. ಅದನ್ನು ರಚಿಸಿದ ಕಲಾವಿದರೇ ಅಲ್ಲಗಳೆದಿದ್ದಾರೆ.

ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ 1999ರ ತೀರ್ಪಿನ ನಂತರ, 2000ದ ಜನವರಿಯಲ್ಲಿ ಬ್ರಿಟನ್ ಸೇನೆ ಸಲಿಂಗಿಗಳ ಮೇಲಿನ ನಿಷೇಧ ತೆಗೆಯಿತು. 2013ರಲ್ಲಿ ಟ್ಯೂರಿಂಗ್‌ಗೆ ರಾಣಿಯ ಕ್ಷಮೆ ಸಿಕ್ಕಿತು. ನಮ್ಮಲ್ಲಿ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಆದರೆ 2019ರ ಜನವರಿಯಲ್ಲಿ ಅಂದಿನ ಸೇನಾ ಮುಖ್ಯಸ್ಥ ಬಿಪಿನ್ ರಾವತ್, ಸೇನೆಗೆ ತನ್ನದೇ ಕಾಯ್ದೆಯಿದೆ, ಅಲ್ಲಿ ಇದಕ್ಕೆ ಅವಕಾಶವಿಲ್ಲ ಎಂಬ ನಿಲುವು ತಿಳಿಸಿದರು.

ಹಾಗಾದರೆ ಫಾರ್ವರ್ಡ್ ನಿಜವೇ? ಒಂದು ಬದುಕಿನಿಂದ ಇಡೀ ಚರ್ಚೆ ಮುಗಿಯುವುದಿಲ್ಲ. ಶಿಸ್ತು, ಬ್ಯಾರಕ್ಕಿನ ಒಟ್ಟು ಬಾಳ್ವೆಯ ಪ್ರಶ್ನೆಗಳನ್ನು ಬೇರೆಯಾಗಿಯೇ ಕೇಳಬೇಕು. ಆದರೆ ಹೆದರಿಸಲು ಸಾಧ್ಯವಾಗುವುದು ಮುಚ್ಚಿಟ್ಟ ವಿಷಯದಿಂದ. ಹೇಳಿಕೊಂಡರೆ ಶಿಕ್ಷೆ ಇಲ್ಲದ ಕಡೆ ಆ ಬೆದರಿಕೆಗೆ ಬಲವಿಲ್ಲ. ಟ್ಯೂರಿಂಗ್ ದೇಶದ ಗುಟ್ಟನ್ನು ಕೊನೆತನಕ ಕಾಯ್ದರು. ಅವರನ್ನು ಕಾಯದೆ ಹೋದದ್ದು ದೇಶ.