ಪಾದ್ರಿ ಕಿಟೆಲ್ ಮತ್ತು ಎಪ್ಪತ್ತು ಸಾವಿರ ಪದಗಳು

ಕಿಟೆಲ್ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರೋದು ಒಂದೇ ಸಾಲು: ಕನ್ನಡಕ್ಕೆ ದೊಡ್ಡ ನಿಘಂಟು ಮಾಡಿಕೊಟ್ಟ ಜರ್ಮನ್ ಪಾದ್ರಿ. ಶಾಲೆಯಲ್ಲಿ ಅಷ್ಟು ಬರೆದ್ರೆ ಸಾಕಿತ್ತು. ಆದರೆ ಈ ಸಾಲಿನಲ್ಲಿ ನಿಘಂಟಿಗಿಂತ ಪಾದ್ರಿ ಅನ್ನೋ ಪದವೇ ನಮಗೆ ಹೆಚ್ಚು ಕುತೂಹಲ ಹುಟ್ಟಿಸಿತು. ಯಾಕಂದ್ರೆ ಫರ್ಡಿನೆಂಡ್ ಕಿಟೆಲ್ ಇಲ್ಲಿಗೆ ಬಂದದ್ದು ಕನ್ನಡದ ಸೇವೆಗಲ್ಲ. ಇಲ್ಲಿನ ಜನರ ನಂಬಿಕೆ ತಪ್ಪು, ಯೇಸುವಿನ ದಾರಿಯೇ ಸರಿ ಅಂತ ಹೇಳೋಕೆ ಬಂದವರು. ಕೊನೆಯವರೆಗೂ ಆ ನಂಬಿಕೆಯನ್ನು ಬಿಡಲಿಲ್ಲ.

ಹುಟ್ಟಿದ್ದು 1832ರಲ್ಲಿ, ಉತ್ತರ ಜರ್ಮನಿಯ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ. ತಂದೆಯೂ ಪಾದ್ರಿ. ಬಾಸೆಲ್ ಮಿಷನ್‌ನಲ್ಲಿ ಓದಿ 1853ರಲ್ಲಿ ಭಾರತಕ್ಕೆ ಬಂದಾಗ ವಯಸ್ಸು 21, ಅಂದ್ರೆ ನಮಗಿಂತ ಎರಡೇ ವರ್ಷ ದೊಡ್ಡವರು. ಆಮೇಲೆ ಧಾರವಾಡ, ಮಂಗಳೂರು, ಮಡಿಕೇರಿ ಅಂತ ಓಡಾಟ.

ಧರ್ಮ ಪ್ರಚಾರಕ್ಕೆ ಬೇಕಾದಷ್ಟು ಕನ್ನಡ ಕಲಿತು ಕಿಟೆಲ್ ಅಲ್ಲಿಗೇ ನಿಲ್ಲಿಸಬಹುದಿತ್ತು. ಹಾಗೆ ಮಾಡಲಿಲ್ಲ. ಯಾರ ನಂಬಿಕೆ ತಪ್ಪು ಅಂದುಕೊಂಡಿದ್ದರೋ ಅವರದೇ ಕಾವ್ಯ, ವ್ಯಾಕರಣ, ಪುರಾಣ, ಗಾದೆಗಳನ್ನು ಕೂತು ಓದಿದರು. ಪಂಡಿತರ ಹತ್ತಿರ ಕೇಳಿ ತಿಳಿದುಕೊಂಡರು. 1862ರಲ್ಲಿ ಬಂದ ಅವರ ಕಥಾಮಾಲೆಯಲ್ಲಿ ಕಥೆ ಯೇಸುವಿನದ್ದು, ಛಂದಸ್ಸು ನಮ್ಮದು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಸಂಪಾದನೆ ಅಂದ್ರೆ ಸುಮ್ಮನೆ ಟೈಪ್ ಮಾಡೋದಲ್ಲ. ಒಂದೊಂದು ಪ್ರತಿಯಲ್ಲಿ ಒಂದೊಂದು ಥರ ಇರೋ ಸಾಲುಗಳನ್ನು ಪಕ್ಕಪಕ್ಕ ಇಟ್ಟು, ಕವಿ ನಿಜಕ್ಕೂ ಏನು ಬರೆದಿರಬಹುದು ಅಂತ ತೀರ್ಮಾನಿಸಬೇಕು. ಬರೆದವನ ಮೇಲೆ ಗೌರವ ಇಲ್ಲದಿದ್ರೆ ಅಷ್ಟು ತಾಳ್ಮೆ ಬರಲ್ಲ ಅನ್ನೋದು ನಮ್ಮ ಅನಿಸಿಕೆ.

ಇದೆಲ್ಲ ಮತಾಂತರದ ತಂತ್ರ ಅನ್ನೋರೂ ಇದ್ದಾರೆ. ಮೊದಮೊದಲು ಅದೇ ಉದ್ದೇಶ ಇದ್ದಿರಲೂಬಹುದು. ಆದರೆ ಮತಾಂತರ ಮಾಡೋಕೆ ಹತ್ತನೇ ಶತಮಾನದ ಛಂದಶ್ಶಾಸ್ತ್ರ ಯಾಕೆ ಬೇಕು? ಅವರ ಮಿಷನ್‌ನಲ್ಲೇ ಕೆಲವರಿಗೆ ಈ ಓದಿನ ಹುಚ್ಚು ಹಿಡಿಸಿರಲಿಲ್ಲ.

ಆ ಕಾಲದ ವಿದ್ವಾಂಸರು ಹೆಚ್ಚಾಗಿ ನೋಡುತ್ತಿದ್ದದ್ದು ಸಂಸ್ಕೃತದಿಂದ ದ್ರಾವಿಡ ಭಾಷೆಗಳಿಗೆ ಬಂದ ಪದಗಳನ್ನು. ಕಿಟೆಲ್ ತಿರುಗಿಸಿ ಕೇಳಿದರು: ದ್ರಾವಿಡದಿಂದ ಸಂಸ್ಕೃತಕ್ಕೆ ಹೋಗಿರೋ ಪದಗಳಿಲ್ವಾ? ಇವೆ ಅಂತ ಪಟ್ಟಿಯನ್ನೇ ಕೊಟ್ಟರು. ಆ ಪಟ್ಟಿಯ ಎಲ್ಲಾ ಪದಗಳನ್ನೂ ಇವತ್ತಿನವರು ಒಪ್ಪಲ್ಲ, ಆದರೆ ಪ್ರಶ್ನೆ ಉಳಿದುಕೊಂಡಿತು.

ಇನ್ನು ನಿಘಂಟು. ಎರಡು ದಶಕಕ್ಕೂ ಹೆಚ್ಚಿನ ದುಡಿಮೆ, ಕಣ್ಣೂ ಸೋತಿತ್ತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ನಲ್ಲಿ ಅಚ್ಚಾಯಿತು. ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟಗಳು. ಕನ್ನಡ ಪದದ ಪಕ್ಕದಲ್ಲೇ ತಮಿಳು, ತೆಲುಗು, ತುಳು, ಮಲಯಾಳಂ ರೂಪಗಳೂ ಸಿಗುತ್ತವೆ. ಅದರಲ್ಲಿ ಶಿವನೂ ಇದ್ದಾನೆ, ಜಿನನೂ ಇದ್ದಾನೆ. ಬಸವ ಪುರಾಣದಿಂದ ಪದ ತೆಗೆದುಕೊಂಡಿದ್ದಾರೆ, ಮನೆಮನೆಯಲ್ಲಿ ಆಡೋ ಗಾದೆಗಳಿಂದಲೂ ತೆಗೆದುಕೊಂಡಿದ್ದಾರೆ. ಪ್ರಚಾರಕರು ಬರೆದ ಕನ್ನಡವನ್ನಷ್ಟೇ ಹಿಡಿದಿದ್ರೆ ಕೆಲಸ ಎಷ್ಟೋ ಬೇಗ ಮುಗಿಯುತ್ತಿತ್ತು.

ಹಾಗಂತ ಅವರನ್ನು ಸರ್ವಧರ್ಮ ಸಮನ್ವಯದ ಸಂತ ಅಂತ ಕರೆಯೋಕೆ ನಾವು ತಯಾರಿಲ್ಲ. ಅವರು ಹಾಗೆ ಇರಲಿಲ್ಲ. ನೀವು ನಂಬೋದು ಸರಿಯಲ್ಲ ಅಂತ ಮನಸ್ಸಲ್ಲಿ ಗಟ್ಟಿಯಾಗಿ ಇಟ್ಟುಕೊಂಡೇ, ನೀವು ಏನು ಹೇಳ್ತೀರಿ ಅನ್ನೋದನ್ನು ಒಂದಕ್ಷರ ಬಿಡದೆ ಕೇಳಿಸಿಕೊಂಡ ಮನುಷ್ಯ. ಇದನ್ನು ಒಪ್ಪೋದು ನಮಗೂ ಸ್ವಲ್ಪ ಕಷ್ಟವೇ.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಸೇರಿಸಿ ಬರೆದ ಅವರ ಕನ್ನಡ ವ್ಯಾಕರಣ ಹೊರಬಂತು. ಅದೇ ಡಿಸೆಂಬರ್‌ನಲ್ಲಿ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು. ಆ ವ್ಯಾಕರಣಕ್ಕೆ ಈ ಪಾದ್ರಿಯ ಮಗ ಆಧಾರವಾಗಿ ಇಟ್ಟುಕೊಂಡದ್ದು ಜೈನ ಕೇಶಿರಾಜನ ಸೂತ್ರಗಳನ್ನು.