ಜಾರ್ಜ್ ಬಾರ್ಟನ್: ದುಡಿಮೆಯನ್ನೇ ಔಷಧವಾಗಿಸಿದ ರೋಗಿ

ಪರೇಲಿನ ಕೆ. ಇ. ಎಂ. ಆಸ್ಪತ್ರೆಯಲ್ಲಿ 1950ರಲ್ಲಿ ಶ್ರೀಮತಿ ಕಮಲಾ ನಿಂಬಕರ್ ಅವರು ಭಾರತದ ಮೊತ್ತಮೊದಲ ಉದ್ಯೋಗ ಚಿಕಿತ್ಸಾ ಶಾಲೆಯನ್ನು ತೆರೆದರು. ಇದು ಕೆಲಸ ಕೊಡಿಸುವ ಕಚೇರಿಯಲ್ಲ. ಕೈಕಾಲು ಸ್ವಾಧೀನ ತಪ್ಪಿದವರಿಗೆ, ಮನಸ್ಸು ಕದಡಿದವರಿಗೆ ಯುಕ್ತವಾದ ಕೆಲಸವನ್ನು ನೇಮಿಸಿ, ಆ ಕೆಲಸದ ಮೂಲಕವೇ ಅವರನ್ನು ಚೇತರಿಸುವ ವಿದ್ಯೆ. ಅಂಗಿಯ ಗುಂಡಿ ಹಾಕಿಕೊಳ್ಳುವುದು, ತನ್ನ ಕೈಯಿಂದಲೇ ತುತ್ತೆತ್ತುವುದು ಕೂಡ ಇಲ್ಲಿ ಉದ್ಯೋಗವೇ. ಈ ವಿದ್ಯೆಯ ಹೆಸರನ್ನು ಪ್ರಚುರಪಡಿಸಿದವನು ವೈದ್ಯನಲ್ಲ. ಅಮೇರಿಕದ ಒಬ್ಬ ವಾಸ್ತುಶಿಲ್ಪಿ, ಸಾಲದುದಕ್ಕೆ ದೀರ್ಘರೋಗಿ.

ಜಾರ್ಜ್ ಎಡ್ವರ್ಡ್ ಬಾರ್ಟನ್ 1871ರಲ್ಲಿ ಬಾಸ್ಟನ್ ನಗರದ ಪಕ್ಕದ ಬ್ರೂಕ್‌ಲೈನಿನಲ್ಲಿ ಜನಿಸಿದನು. ತಾರುಣ್ಯದಲ್ಲಿ ಲಂಡನ್ನಿಗೆ ಹೋಗಿ, ಕೈಕಸುಬಿನ ಘನತೆಯನ್ನು ಸಾರಿದ ವಿಲಿಯಂ ಮಾರಿಸನ ವಿಚಾರಗಳಿಗೆ ಮನಸೋತನು. ಮರಳಿ ಬಂದು ಬಾಸ್ಟನ್ನಿನ ಕಲೆ-ಕಸುಬುಗಳ ಸಂಘಕ್ಕೆ ಮೊದಲ ಕಾರ್ಯದರ್ಶಿಯಾದನು. 1901ರಲ್ಲಿ ಕ್ಷಯರೋಗ ತಗಲಿತು. ಹವೆಯ ಬದಲಾವಣೆಗೆಂದು ಕೊಲೊರಾಡೋ ಪ್ರಾಂತಕ್ಕೆ ಹೋದವನಿಗೆ 1912ರಲ್ಲಿ ಇನ್ನೊಂದು ಆಘಾತ ಕಾದಿತ್ತು. ಕಡುಚಳಿಗೆ ಎಡಗಾಲು ಮರಗಟ್ಟಿ ಕೊಳೆಯತೊಡಗಿ, ಬೆರಳುಗಳನ್ನು ಕತ್ತರಿಸಬೇಕಾಯಿತು. ಶಸ್ತ್ರಕ್ರಿಯೆಯ ತರುವಾಯ ಮೈಯ ಎಡಭಾಗವೆಲ್ಲ ನಿಶ್ಚೇಷ್ಟವಾಯಿತು. ನಲವತ್ತು ದಾಟಿದ ಗಂಡಸು, ನಕಾಶೆ ಬರೆದು ಬದುಕುತ್ತಿದ್ದವನು, ಹಾಸಿಗೆಯ ಪಾಲಾದನು.

ನ್ಯೂಯಾರ್ಕ್ ಪ್ರಾಂತದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನ ಆರೋಗ್ಯಧಾಮಕ್ಕೆ ಅವನನ್ನು ಸೇರಿಸಲಾಯಿತು. ಅಲ್ಲಿ ಎಲ್ವುಡ್ ವುಸ್ಟರ್ ಎಂಬ ಪಾದ್ರಿಯು, ಕೈಲಾಗದವನೆಂದು ಕೊರಗುವುದನ್ನು ಬಿಟ್ಟು ಇತರ ರೋಗಿಗಳಿಗೆ ನೆರವಾಗುವಂತೆ ಅವನನ್ನು ಹುರಿದುಂಬಿಸಿದನು. ಬಾರ್ಟನ್ನನಿಗೆ ಒಂದು ಸಂಗತಿ ಹೊಳೆಯಿತು. ಆಸ್ಪತ್ರೆಯು ರೋಗವನ್ನು ಕಳೆದು ಮನುಷ್ಯನನ್ನು ಮನೆಗೆ ಕಳುಹುತ್ತದೆ. ಆದರೆ ದುಡಿಯಲಾರದ ಆ ಮನುಷ್ಯನು ಮನೆಯಲ್ಲಿ ಮಾಡುವುದೇನು? ಕೂಲಿಯಿಂದ ಹೊಟ್ಟೆ ಹೊರೆಯುವವನಿಗೆ ಈ ಪ್ರಶ್ನೆ ರೋಗಕ್ಕಿಂತ ದೊಡ್ಡದು.

ಅದೇ ಊರಿನಲ್ಲಿ ಮನೆಯೊಂದನ್ನು ಕೊಂಡು, 1914ರ ಮಾರ್ಚಿಯಲ್ಲಿ ‘ಕನ್ಸೋಲೇಷನ್ ಹೌಸ್’, ಅಂದರೆ ಸಾಂತ್ವನ ಗೃಹ, ಎಂಬ ಹೆಸರಿನಿಂದ ತೆರೆದನು. ಮೊದಲ ರೋಗಿ ತಾನೇ. ಬಡಗಿಯ ಹತಾರಗಳನ್ನು ಹಿಡಿದು, ತೋಟದಲ್ಲಿ ಅಗೆದು, ಮಾತು ಕೇಳದ ಎಡಗೈಯನ್ನು ಕ್ರಮಕ್ರಮವಾಗಿ ಪಳಗಿಸಿದನು. ಉದ್ಯೋಗದಿಂದ ರೋಗ ಬರುವುದುಂಟಾದರೆ, ಉದ್ಯೋಗದಿಂದ ಗುಣವೂ ಏಕಾಗಬಾರದು ಎಂಬುದು ಅವನ ತರ್ಕ. ಯಾವ ಕೆಲಸ, ಎಷ್ಟು ಹೊತ್ತು, ಯಾವ ಸ್ನಾಯುವಿಗೆ ಎಂಬುದನ್ನು ವೈದ್ಯನ ಸಲಹೆಯಂತೆ, ಔಷಧದ ಪ್ರಮಾಣದಷ್ಟೇ ಎಚ್ಚರದಿಂದ ಗೊತ್ತುಪಡಿಸಬೇಕೆಂದನು. ಕೆಲಸದ ಸಾಮಗ್ರಿಗಳಿಂದೇಳುವ ಆವಿಯೂ ಔಷಧದಂತೆ ಫಲಿಸೀತೆಂದು ಅವನು ನಂಬಿದ್ದುಂಟು. ಅದು ಅತಿಯಾಯಿತು, ಮುಂದಿನವರು ಅದನ್ನು ಕೈಬಿಟ್ಟರು. ಆದರೆ ರೋಗಿಯ ಹಿಂದಿನ ಬದುಕನ್ನೂ ಅಭಿರುಚಿಯನ್ನೂ ವಿಚಾರಿಸಿ ಕೆಲಸವನ್ನು ಆರಿಸಬೇಕೆಂಬ ಮಾತು ಉಳಿಯಿತು.

1917ರ ಮಾರ್ಚಿಯಲ್ಲಿ ಅವನ ಮನೆಯಲ್ಲಿ ಆರು ಮಂದಿ ಸಭೆ ಸೇರಿ ಉದ್ಯೋಗ ಚಿಕಿತ್ಸೆಯ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದರು. ಮನೋವೈದ್ಯ ವಿಲಿಯಂ ಡಂಟನ್, ಮಾನಸಿಕ ರೋಗಿಗಳಿಗೆ ದಿನಚರಿಯನ್ನು ಕಲಿಸುತ್ತಿದ್ದ ಎಲೀನರ್ ಕ್ಲಾರ್ಕ್ ಸ್ಲೇಗಲ್ ಅವರಲ್ಲಿದ್ದರು. ಬಾರ್ಟನ್ನನ ಕಾರ್ಯದರ್ಶಿನಿ ಇಸಬೆಲ್ ನ್ಯೂಟನ್ ಕೂಡ. ಬಾರ್ಟನ್ನನೇ ಮೊದಲ ಅಧ್ಯಕ್ಷನು. ಮರುತಿಂಗಳೇ ಅಮೇರಿಕವು ಮಹಾಯುದ್ಧಕ್ಕಿಳಿಯಿತು. ಗಾಯಾಳು ಸೈನಿಕರ ಆರೈಕೆಗೆ ಈ ವಿದ್ಯೆ ಬೇಕಾಯಿತು. ಬಾರ್ಟನ್ ಮಾತ್ರ ಕೆಲವೇ ತಿಂಗಳಲ್ಲಿ ಅಧ್ಯಕ್ಷಪದವನ್ನು ತ್ಯಜಿಸಿದನು; ಡಂಟನ್ ಆ ಸ್ಥಾನಕ್ಕೆ ಬಂದನು.

1918ರಲ್ಲಿ ಇಸಬೆಲಳನ್ನು ವರಿಸಿದನು. ಮರುವರ್ಷ ರೋಗಿಗಳ ಶಿಕ್ಷಣವನ್ನು ಕುರಿತ ಅವನ ಗ್ರಂಥವು ಪ್ರಕಟವಾಯಿತು. ಎಡಗೈ ಪಳಗಿತ್ತು, ಕ್ಷಯವು ಪಳಗಲಿಲ್ಲ. 1923ರ ಏಪ್ರಿಲ್ 27ರಂದು ಅವನು ತೀರಿಕೊಂಡಾಗ ವಯಸ್ಸು 52.